ಕಿರಿಯರ ವೇಗದಲ್ಲಿ ಹಿರಿಯರ ಪಯಣ

(ಶಾಲೆಯ ವಾರ್ಷಿಕೋತ್ಸವದಲ್ಲಿ ಪೋಷಕರೊಬ್ಬರು ಮಾಡಿದ ಭಾಷಣ)



ಕಳೆದ ದಸರಾ ರಜೆಯಲ್ಲಿ ನಾನೂ ಎಂಟನೆಯ ತರಗತಿಯಲ್ಲಿ ಓದುವ ನನ್ನ ಮಗಳೂ ಕೈಗೊಂಡ ಸೈಕಲ್ ಪ್ರವಾಸವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ರಾಯದುರ್ಗದಿಂದ ಹೊರಟು ಮೊಳಕಾಲ್ಮೂರು, ಬ್ರಹ್ಮಗಿರಿ, ಬಳ್ಳಾರಿಗಳನ್ನು ಕಂಡು ಹಿಂದಿರುಗುವ ಈ ದಾರಿ ಹೆಚ್ಚು ಕಡಿಮೆ 130 ಕಿಲೋಮೀಟರು. ಮೋಟಾರಿನವರಿಗೆ ಇದು ಒಂದು ಹೊತ್ತಿನ ದಾರಿ. ಬಂಡೆಗಲ್ಲಿನ ಬೆಟ್ಟಗಳೂ ನೆರಳಿಲ್ಲದ ಬಯಲೂ ತುಂಬಿದ ಈ ಸೀಮೆಯಲ್ಲಿ ಹದಿಮೂರು ವರ್ಷದ ಹುಡುಗಿಯ ಕಾಲಿಗೆ ಅದು ದೊಡ್ಡ ದಾರಿಯೇ ಸರಿ.

ಸೈಕಲ್ಲಿಗೂ ತಂದೆಮಕ್ಕಳಿಗೂ ಹಳೆಯ ನಂಟುಂಟು. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್ ಎಂಬಾತನು ತನ್ನ ಮಗನ ಮೂರುಗಾಲಿ ಸೈಕಲ್ಲು ಕುಲುಕದೆ ಓಡಲೆಂದು ಗಾಳಿ ತುಂಬಿದ ರಬ್ಬರಿನ ಟಯರನ್ನು ಮಾಡಿ, 1888ರಲ್ಲಿ ಅದರ ಹಕ್ಕನ್ನು ಪಡೆದನು. ಮಗನ ಸುಖಕ್ಕಾಗಿ ತಂದೆ ಮಾಡಿದ ಆ ಕೆಲಸ ಇಂದು ಲೋಕದ ರಸ್ತೆಗಳಲ್ಲೆಲ್ಲ ಉರುಳುತ್ತಿದೆ.

ಹೊರಡುವಾಗ ನಾವು ಮೂರು ನಿಯಮಗಳನ್ನು ಮಾಡಿಕೊಂಡೆವು. ಗಂಟುಮೂಟೆಯೆಲ್ಲ ನನ್ನ ಕ್ಯಾರಿಯರಿನ ಮೇಲೆ. ಬೆಳಗಿನ ಹೊತ್ತು ಮತ್ತು ಇಳಿಹೊತ್ತಿನಲ್ಲಿ ಮಾತ್ರ ಪ್ರಯಾಣ. ಮಗಳು ಮುಂದೆ, ನಾನು ಹಿಂದೆ. ಮೂರನೆಯದೇ ಮುಖ್ಯವಾದುದು. ಹಿರಿಯರು ಮುಂದಿದ್ದರೆ ಕಿರಿಯರು ತಮ್ಮ ಶಕ್ತಿ ಮೀರಿ ಬೆನ್ನಟ್ಟುತ್ತಾರೆ. ಕಿರಿಯರು ಮುಂದಿದ್ದರೆ ಅವರ ಉಸಿರೇ ಪ್ರಯಾಣದ ಗಡಿಯಾರವಾಗುತ್ತದೆ.

ಏರಿನ ಲೆಕ್ಕ ಸರಳ. ಭಾರ ಹೆಚ್ಚಿದಷ್ಟೂ ಎತ್ತರ ಹೆಚ್ಚಿದಷ್ಟೂ ಕೆಲಸ ಹೆಚ್ಚು. ನಮ್ಮ ಕಡೆಯ ಸಾಮಾನ್ಯ ಸೈಕಲ್ಲಿಗೆ ಗೇರುಗಳಿಲ್ಲವಾದುದರಿಂದ ಕಡಿದಾದ ಏರು ಬಂದೊಡನೆ ಇಳಿದು ತಳ್ಳುವುದೇ ವಿವೇಕ. ಅದರಲ್ಲಿ ಅವಮಾನವಿಲ್ಲ. ಇಳಿಜಾರಿನಲ್ಲಿ ಮುಂದಿನ ಬ್ರೇಕೊಂದನ್ನೇ ತಟ್ಟನೆ ಹಿಡಿಯದೆ ಎರಡನ್ನೂ ಹದವಾಗಿ ಹಿಡಿಯುವುದನ್ನು ಮಕ್ಕಳಿಗೆ ಮನೆಯಂಗಳದಲ್ಲಿಯೇ ಕಲಿಸಬೇಕು.

ಬಿಸಿಲಿನ ಲೆಕ್ಕ ಇದಕ್ಕಿಂತ ಕಠಿಣ. ಬೆವರು ಆರುವುದರಿಂದಲೇ ನಮ್ಮ ದೇಹ ತಂಪಾಗುತ್ತದೆ. ಬೆವರಿನೊಡನೆ ನೀರೂ ಉಪ್ಪೂ ಹೊರಹೋಗುತ್ತವೆ. ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡದು. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾದಾಗ ಆ ಕಾವು ದೊಡ್ಡವರಿಗಿಂತ ಬೇಗ ಅವರ ಮೈಗೇರುತ್ತದೆ. ಆದುದರಿಂದ ಬಾಯಾರಿಕೆಯನ್ನು ಕಾಯದೆ ಆಗಾಗ್ಗೆ ನೀರು ಕುಡಿಸಬೇಕು. ಉಪ್ಪು ಹಾಕಿದ ಮಜ್ಜಿಗೆ ಬಹಳ ಒಳ್ಳೆಯದು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಪಾನಕವೂ ಆಪತ್ತಿಗೆ ಒದಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಕಂಡೊಡನೆ ನೆರಳಿಗೆ ಹೋಗಬೇಕು. ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಮೈಗೆ ನೀರೆರೆದು ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮೊಳಕಾಲ್ಮೂರನ್ನು ದಾಟಿದ ಮೇಲೆ ಈ ಮಾತು ನಮಗೇ ಪರೀಕ್ಷೆಯಾಗಿ ಬಂದಿತು. ಹೊತ್ತು ಹತ್ತೂವರೆ. ಮಗಳು ಸೈಕಲ್ಲಿನಿಂದಿಳಿದು ತಲೆ ನೋಯುತ್ತಿದೆಯೆಂದಳು. ಹುಣಿಸೆಮರದ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿ, ಪಾನಕವನ್ನು ಗುಟುಕು ಗುಟುಕಾಗಿ ಕುಡಿಸಿದೆನು. ಬಸ್ಸಿನಲ್ಲಿ ಹಿಂದಿರುಗುವುದೇ ಸರಿಯೆಂದು ನನ್ನ ಮನಸ್ಸು ಹೇಳಿತು. ಅವಳಾದರೋ, “ಅಪ್ಪಾ, ಬಸ್ಸು ಬ್ಯಾಡ. ಹೊತ್ತು ಇಳಿದ ಮ್ಯಾಲೆ ಹೋಗಾನ” ಎಂದಳು. ಸಂಜೆಯೊಳಗೆ ತಲೆನೋವು ಪೂರ್ಣವಾಗಿ ಬಿಟ್ಟರೆ ಮುಂದೆ, ಇಲ್ಲವಾದರೆ ಮನೆಗೆ ಎಂದು ಒಪ್ಪಂದವಾಯಿತು. ಐದು ಗಂಟೆಯ ಹೊತ್ತಿಗೆ ಅವಳು ನಗುತ್ತ ಎದ್ದು ಕುಳಿತಳು. ಅಂದು ಮುಂದಿನ ಹಳ್ಳಿಯವರೆಗೆ ಮಾತ್ರ ಹೋದೆವು. ಮೂರು ದಿನವೆಂದು ಎಣಿಸಿದ ಪ್ರವಾಸ ನಾಲ್ಕು ದಿನವಾಯಿತು.

ಆ ಹಳ್ಳಿಯಲ್ಲಿ ಮಜ್ಜಿಗೆ ಕೊಟ್ಟ ಅಜ್ಜಿಯೊಬ್ಬರು “ಯಾವೂರವ್ವಾ ನಿಮ್ದು?” ಎಂದು ಕೇಳಿದರು. ರಾಯದುರ್ಗವೆಂದು ಮಗಳು ಹೇಳಲು, “ಹಂಗಾದ್ರೆ ನಮ್ಮೋರೇ ಬಿಡು” ಎಂದು ಜಗುಲಿಯ ಮೇಲೆ ಚಾಪೆ ಹಾಸಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ದಾರಿಯಲ್ಲಿ ಫಲಕಗಳ ಲಿಪಿ ಬದಲಾಗುತ್ತದೆ; ಅಜ್ಜಿಯ ಮಾತೂ ಮಜ್ಜಿಗೆಯೂ ಬದಲಾಗುವುದಿಲ್ಲ.

ಮರುದಿನ ಬೆಳಗ್ಗೆ ಬ್ರಹ್ಮಗಿರಿಯನ್ನು ಸೇರಿದೆವು. ಅಲ್ಲಿಯ ಜನ ಅಕ್ಷರಗುಂಡು ಎಂದು ಕರೆಯುತ್ತ ಬಂದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ನಮ್ಮ ಕನ್ನಡ ಲಿಪಿಯ ಪೂರ್ವಜ. ತಂದೆತಾಯಿಗಳ ಮಾತನ್ನು ನಡೆಸಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಅರ್ಥದ ಬೋಧನೆ ಅದರಲ್ಲಿದೆ. ಅದಕ್ಕೂ ಮೊದಲು ಇನ್ನೊಂದು ಮಾತುಂಟು: ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಚಿಕ್ಕವರೂ ಪರಿಶ್ರಮದಿಂದ ಅದನ್ನು ಪಡೆಯಬಲ್ಲರು ಎಂಬುದು ಅದರ ಭಾವ. ಇದನ್ನು ಬಿಡಿಸಿ ಹೇಳಿದಾಗ ಮಗಳು ಬಂಡೆಯನ್ನೊಮ್ಮೆ, ತನ್ನ ಸೈಕಲ್ಲನ್ನೊಮ್ಮೆ ನೋಡಿದಳು.

ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ತನ್ನ ಕಸುಬನ್ನು ಹೇಳುವ ಪದವೊಂದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಭಾರತದ ವಾಯವ್ಯ ಗಡಿಯ ಲಿಪಿ. ಅಷ್ಟು ದೂರದ ನಾಡಿನ ಅಕ್ಷರವನ್ನು ಅವನು ಇಲ್ಲಿಯವರೆಗೆ ಹೊತ್ತು ತಂದನು, ಊರಿನ ಲಿಪಿಯಲ್ಲಿ ತನ್ನ ಕೆಲಸವನ್ನು ಚೊಕ್ಕವಾಗಿ ಮುಗಿಸಿದನು, ತನ್ನದನ್ನೂ ಮರೆಯಲಿಲ್ಲ. ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ರಾಜ್ಯದ ಭಾಷೆಯನ್ನು ಚೆನ್ನಾಗಿ ಕಲಿಯಿರಿ. ಮನೆಯ ಅಕ್ಷರವನ್ನು ಕೈಬಿಡಬೇಡಿರಿ.

ಪೋಷಕ ಬಂಧುಗಳೇ, ಓದಿನ ದಾರಿಯಲ್ಲಿಯೂ ಏರುಗಳುಂಟು, ಬಿಸಿಲುಂಟು. ಮಕ್ಕಳನ್ನು ನಮ್ಮ ವೇಗಕ್ಕೆ ಎಳೆಯುವುದು ಬೇಡ. ಅವರ ಹೊರೆಯಲ್ಲಿ ಒಂದು ಪಾಲನ್ನು ಹೊತ್ತು, ನೀರು ಕೊಡುತ್ತ, ಅವರ ಹಿಂದೆ ಹೋಗೋಣ. ಒಂದು ದಿನ ತಡವಾದರೂ ಅವರು ತಮ್ಮ ಕಾಲಿನಿಂದಲೇ ಊರು ಸೇರುತ್ತಾರೆ.