ಯಾರಿಗೆ ಯಾವ ಕುದುರೆ?



ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ರಾಕಿ ಪರ್ವತದ ಕಾಡುದಾರಿಗಳಲ್ಲಿ ಪ್ರವಾಸಿಗರನ್ನು ಕುದುರೆಯ ಮೇಲೆ ಸುತ್ತಾಡಿಸುವ ಲಾಯಗಳಿವೆ. ಅಲ್ಲಿನ ಮಾರ್ಗದರ್ಶಕರು ಮೊದಲು ಕೇಳುವುದು, 'ಹಿಂದೆ ಕುದುರೆ ಹತ್ತಿದ್ದೀರಾ? ತೂಕವೆಷ್ಟು? ಭಯವಿದೆಯೇ?' ಎಂದು. ಕುದುರೆ ಆರಿಸುವುದು ಆಮೇಲೆ.

ಒಂದೊಂದು ಕುದುರೆಗೂ ಒಂದೊಂದು ಗುಣ. ಒಂದು ದಾರಿಯುದ್ದಕ್ಕೂ ಹುಲ್ಲಿಗೆ ಬಾಯಿ ಹಾಕುತ್ತದೆ. ಇನ್ನೊಂದಕ್ಕೆ ಹಿಂದಿನ ಕುದುರೆ ಹತ್ತಿರ ಬಂದರೆ ಸಿಟ್ಟು. ಹಾಗೆ ಒದೆಯುವ ಕುದುರೆಯ ಬಾಲಕ್ಕೆ ಕೆಂಪು ಪಟ್ಟಿ ಕಟ್ಟುವ ರೂಢಿಯಿದೆ. ಕಿವಿಗಳನ್ನು ಹಿಂದಕ್ಕೆ ಒತ್ತಿ ಮಲಗಿಸಿದರೆ ಕೋಪ, ಮುಂದಕ್ಕೆ ನಿಮಿರಿಸಿದರೆ ಕುತೂಹಲ. ಚುರುಕಾದ ಕುದುರೆ ಸವಾರಿಯಲ್ಲಿ ಪಳಗಿದವರಿಗೆ. ಮೊದಲ ಬಾರಿ ಹತ್ತುವ ಮಗುವಿಗೆ ಕೊಡುವುದು ವಯಸ್ಸಾದ, ನಿಧಾನದ ಕುದುರೆಯನ್ನು. ಪೊದೆಯಿಂದ ಹಕ್ಕಿ ಪುರ್ರನೆ ಹಾರಿದರೂ ಅದು ಸುಲಭಕ್ಕೆ ಬೆದರುವುದಿಲ್ಲ. ಪಂದ್ಯದಲ್ಲಿ ಸೋಲಿಸುವ ಆ ನಿಧಾನವೇ ಕಡಿದಾದ ದಾರಿಯಲ್ಲಿ ಅದರ ಯೋಗ್ಯತೆ.

ಹತ್ತನೇ ತರಗತಿಯ ಅಂಕಗಳು ಅಳೆಯುವುದು ಓಟವೊಂದನ್ನೇ. ನನ್ನ ತರಗತಿಯಲ್ಲಿ ಗಣಿತಕ್ಕೆ ಹೆದರುತ್ತಿದ್ದ ಗೆಳೆಯನೇ ಇಂದು ಊರಿನ ಮೋಟರುಗಳನ್ನೆಲ್ಲ ರಿಪೇರಿ ಮಾಡುತ್ತಾನೆ. ಪಾಲಕರಲ್ಲಿ ನನ್ನದೊಂದು ಕೋರಿಕೆ: ಫಲಿತಾಂಶದ ದಿನ 'ಎಷ್ಟು ಬಂತು?' ಎಂದು ಕೇಳಿ, ಬೇಡವೆನ್ನುವುದಿಲ್ಲ. ಆದರೆ 'ನಿನಗೆ ಯಾವ ಕೆಲಸ ಒಗ್ಗುತ್ತದೆ ಮಗೂ?' ಎಂದು ಅದಕ್ಕೂ ಮೊದಲೇ ಕೇಳಿರಿ.