ಕೋಟಗಿರಿಯ ನೆಂಟಸ್ತಿಕೆ



ನೀಲಗಿರಿಯೆಂದೊಡನೆ ನಮ್ಮವರ ಬಾಯಿಗೆ ಬರುವ ಹೆಸರು ಉದಕಮಂಡಲ. ಅದರ ಗದ್ದಲಕ್ಕೆ ದೂರವಾಗಿ, ಸುಮಾರು 6,000 ಅಡಿ ಎತ್ತರದಲ್ಲಿ, ಚಹದ ತೋಟಗಳ ನಡುವೆ ಕೋಟಗಿರಿಯೆಂಬ ಪುಟ್ಟ ಊರಿದೆ. ಮಕ್ಕಳೊಡನೆ ಪ್ರವಾಸ ಹೊರಡುವ ಉಪಾಧ್ಯಾಯ ಮಿತ್ರರು ಈ ಊರನ್ನು ಮರೆಯಬಾರದೆಂಬುದೇ ನಮ್ಮ ಬಿನ್ನಹ.

ಅಲ್ಲಿ ಪಾಠವು ಹೆಸರಿನಿಂದಲೇ ಮೊದಲಾಗುತ್ತದೆ. ‘ಗಿರಿ’ ಎಂಬುದನ್ನು ಕೇಳಿ ಬೆಟ್ಟವೆಂದು ತಿಳಿಯುವುದು ಸಹಜ. ಆದರೆ ‘ಕೋಟರ ಕೇರಿ’ಯೇ ಕೋಟಗಿರಿಯಾಯಿತೆಂದು ಹೇಳುವರು. ಕೋಟರು ಈ ಮಲೆಯ ಕುಶಲ ಕೆಲಸಗಾರರು. ಕಮ್ಮಾರಿಕೆ, ಮರಗೆಲಸ, ವಾದ್ಯಗಳು ಅವರಲ್ಲಿ ಗಂಡಸರ ಪಾಲು. ಮಡಕೆ ಮಾಡುವುದು ಹೆಂಗಸರ ಪಾಲು. ತೋಡರು ಎಮ್ಮೆಗಳನ್ನು ಸಾಕಿದರು, ಬಡಗರು ಧಾನ್ಯ ಬೆಳೆದರು, ಕುರುಂಬರು ಕಾಡಿನ ಜೇನು ತಂದರು. ಒಬ್ಬರ ದುಡಿಮೆ ಇನ್ನೊಬ್ಬರ ಮನೆಯನ್ನು ತುಂಬುತ್ತಿತ್ತು. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ ಈ ಬೆಟ್ಟವನ್ನೇರಿದುದು 1819ರಲ್ಲಿ. ಕನ್ನೇರಿಮುಕ್ಕಿನಲ್ಲಿ ಆತನ ಬಂಗಲೆ ಇಂದಿಗೂ ಸ್ಮಾರಕವಾಗಿ ನಿಂತಿದೆ, ನೋಡತಕ್ಕದ್ದು. ಆದರೆ ನೀಲಗಿರಿಯನ್ನು ಆತನೇ ಕಂಡುಹಿಡಿದನೆಂದು ಮಕ್ಕಳಿಗೆ ಕಲಿಸುವುದು ಬೇಡ. ಆತನು ಬರುವುದಕ್ಕೆ ಬಹು ಮುಂಚೆಯೇ ಅಲ್ಲಿ ಈ ಕೊಡುಕೊಳೆಯ ಬಾಳು ನಡೆದಿತ್ತು.

ಇನ್ನು ಬಡಗರ ಮಾತು. ‘ಬಡಗ’ವೆಂದರೆ ಉತ್ತರ, ಮೈಸೂರು ಸೀಮೆಯ ಕಡೆಯಿಂದ ಬಂದವರು ತಾವೆಂಬುದು ಅವರ ಪರಂಪರೆಯ ನಂಬುಗೆ. ಊರಿಗೆ ಅವರು ಹಟ್ಟಿಯೆನ್ನುವರು, ಹಬ್ಬಕ್ಕೆ ಹಬ್ಬವೆನ್ನುವರು. ಬೇರಗಣಿಯಲ್ಲಿ ಹೆತ್ತೆಯಮ್ಮನ ಹಬ್ಬದಂದು ಬಿಳಿಯ ಬಟ್ಟೆಯುಟ್ಟ ಜನ ಬೆಟ್ಟದ ದಾರಿಗಳಲ್ಲಿ ನೆರೆಯುವುದು ಕಣ್ಣಿಗೆ ಹಬ್ಬವೇ ಸರಿ. ಈ ನುಡಿಯನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರು “ಇದು ಕೆಟ್ಟ ಕನ್ನಡ” ಎಂದು ನಕ್ಕುಬಿಡುತ್ತಾರೆ. ಈ ನಗೆ ನಮಗೆ ಸಲ್ಲದು. ನಮ್ಮ ಗಡಿಯ ಕನ್ನಡವನ್ನು ಕೇಳಿ ಒಳನಾಡಿನವರು ಹಾಗೆಯೇ ನಕ್ಕಾಗ ನಮ್ಮ ಮಕ್ಕಳು ತಲೆತಗ್ಗಿಸಿ ನಿಲ್ಲುವುದನ್ನು ನಾವು ತರಗತಿಗಳಲ್ಲಿ ಕಂಡಿದ್ದೇವೆ. ಬಡಗು ಕನ್ನಡದ ಉಪಭಾಷೆಯೋ, ಬೇರೆಯೇ ಭಾಷೆಯೋ ಎಂಬ ಚರ್ಚೆ ಪಂಡಿತರಲ್ಲಿ ನಡೆಯಲಿ. ಆಡುವವರಿಗೆ ಅದು ತಾಯ್ನುಡಿ. ನಮಗೆ ಅದರಲ್ಲಿರುವುದು ನೆಂಟಸ್ತಿಕೆಯೇ ಹೊರತು ಒಡೆತನವಲ್ಲ.

ಊರಿನ ಅಂಚಿನಲ್ಲಿ ಲಾಂಗ್‌ವುಡ್ ಶೋಲಾ ಕಾಡಿದೆ. ವಿಸ್ತಾರ 116 ಹೆಕ್ಟೇರು ಮಾತ್ರ. ಆದರೂ ಕೆಳಗಿನ ಹಳ್ಳಿಗಳ ನೀರಿಗೆ ಅದೇ ಆಧಾರ. ಚಹ, ನೀಲಗಿರಿ ಮರ, ವ್ಯಾಟಲ್ ಗಿಡಗಳು ಬೆಟ್ಟದ ಹುಲ್ಲುಗಾವಲನ್ನೂ ಶೋಲೆಗಳನ್ನೂ ಬಹುವಾಗಿ ನುಂಗಿರುವಾಗ ಈ ತುಣುಕು ಉಳಿದುದು ದೊಡ್ಡ ಭಾಗ್ಯ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಮನ್ನಣೆ ದೊರೆಯಿತು. ಅದೇ ವೇಳೆ ನಮ್ಮ ಕರ್ನಾಟಕದ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿಗಳಿಗೂ ದೊರೆಯಿತು.

ಕೊಡನಾಡಿನ ತುದಿಯಲ್ಲಿ ನಿಂತರೆ ಕೆಳಗೆ ಮೋಯಾರ್ ನದಿಯ ಆಳವಾದ ಕಣಿವೆ. ಅದರಾಚೆ ಮೈಸೂರು ಸೀಮೆಯತ್ತ ಚಾಚಿದ ಗುಡ್ಡಸಾಲು. ಅಲ್ಲಿ ಮಕ್ಕಳಿಗೆ ಎಲ್ಲೆಗೆರೆ ಕಾಣಿಸದು. ನದಿ ಕಾಣಿಸುವುದು, ಕಾಡು ಕಾಣಿಸುವುದು. ಹಟ್ಟಿಯ ಹಿರಿಯರೊಡನೆ ಅವರನ್ನು ಕೂರಿಸಿ, ಎರಡೂ ಕಡೆಯ ಮಾತುಗಳನ್ನು ಪಟ್ಟಿ ಮಾಡಿಸಿರಿ. ತಿದ್ದಬೇಡಿರಿ, ಕೇಳಿ ಬರೆದುಕೊಳ್ಳಲಿ. ನೆರೆಯವರ ನುಡಿಯನ್ನು ಗೌರವದಿಂದ ಕೇಳಬಲ್ಲ ಮಗು ತನ್ನ ನುಡಿಯನ್ನು ನಾಚದೆ ಆಡಬಲ್ಲುದು.