ಮಾಡಿದವನು ಮತ್ತು ಜೊತೆಗಿದ್ದವನು



ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿ ಹೋದರೂ ನಮಗೆ ಒಂದೇ ಪ್ರಶ್ನೆ ಎದುರಾಗುತ್ತದೆ: “ನಾವು ಕೈ ಎತ್ತಲಿಲ್ಲ, ಸುಮ್ಮನೆ ಜೊತೆಗಿದ್ದೆವು. ನಮ್ಮ ಮೇಲೂ ಕೇಸು ಆಗುತ್ತದೆಯೇ?” ಆಗಬಹುದು. ಹೇಗೆ, ಯಾವಾಗ, ಅದಕ್ಕೆ ರಕ್ಷಣೆ ಏನು ಎಂಬುದನ್ನು ಮಿಲ್ಲಿನ ಕೆಲಸಗಾರರೂ ಅಂಗಡಿಯವರೂ ತಿಳಿದಿರಬೇಕು.

೧೮೬೦ರ ದಂಡಸಂಹಿತೆ ಹೋಗಿ, ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರು ಬದಲಾಯಿತು; ಈ ವಿಷಯದಲ್ಲಿ ತಿರುಳು ಹಳೆಯದೇ. ಹಲವರು ಒಂದೇ ಉದ್ದೇಶದಿಂದ ಮಾಡಿದ ಅಪರಾಧಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಂತೆ ಹೊಣೆ. ಗೋದಾಮಿನ ಬೀಗ ಒಡೆದವನೂ ಬಾಗಿಲಲ್ಲಿ ಕಾವಲು ನಿಂತವನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಐದು ಮಂದಿ ಅಥವಾ ಹೆಚ್ಚು ಜನ ಅಕ್ರಮ ಉದ್ದೇಶಕ್ಕೆ ಕೂಡಿದ್ದರೆ ೧೯೦ನೆಯ ಕಲಮು: ಆ ಉದ್ದೇಶ ಸಾಧನೆಗಾಗಿ ಒಬ್ಬ ಮಾಡಿದ ಅಪರಾಧ ಎಲ್ಲ ಸದಸ್ಯರ ತಲೆಗೆ. ಆದರೆ ದಾರಿಯಲ್ಲಿ ನಿಂತು ನೋಡಿದವನು ಸದಸ್ಯನಲ್ಲ ಎಂದು ಸುಪ್ರೀಂ ಕೋರ್ಟು ಅನೇಕ ತೀರ್ಪುಗಳಲ್ಲಿ ಹೇಳಿದೆ.

ವ್ಯಾಪಾರಿಗಳ ಸಂದೇಹ ಬೇರೆ. ಎಂದಿನಂತೆ ಸೀಮೆಎಣ್ಣೆಯನ್ನೋ ಹಗ್ಗವನ್ನೋ ಮಾರಿದವನು ಅಪರಾಧಿಯಲ್ಲ. ಇದು ಇಂಥ ಕೃತ್ಯಕ್ಕೆ ಎಂದು ತಿಳಿದು, ಅದು ನಡೆಯಲೆಂದೇ ಒದಗಿಸಿದವನು ಕುಮ್ಮಕ್ಕು ಕೊಟ್ಟವನಾಗುತ್ತಾನೆ. ವಸ್ತುವಿಗಿಂತ ಮನಸ್ಸೇ ಇಲ್ಲಿ ಮುಖ್ಯ.

ಇನ್ನು ರಕ್ಷಣೆಗಳು. ಮೈಯನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕು ೩೪ನೆಯ ಕಲಮಿನಿಂದ ಮುಂದೆ ಇದೆ. ಆದರೆ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವಂತೆಯೂ ಇಲ್ಲ. “ಧಣಿ ಹೇಳಿದ, ಹೋಗದಿದ್ದರೆ ಕೆಲಸ ಹೋಗುತ್ತಿತ್ತು” ಎಂಬುದು ರಕ್ಷಣೆಯಲ್ಲ. ೩೨ನೆಯ ಕಲಮು ಒಪ್ಪುವುದು ಆ ಕ್ಷಣದಲ್ಲೇ ಪ್ರಾಣ ಹೋಗುವ ಬೆದರಿಕೆಯನ್ನು ಮಾತ್ರ. ಕೊಲೆಗೆ ಅದೂ ಸಲ್ಲದು. ದೊಡ್ಡವರ ಮಾತಿಗೆ ದೊಣ್ಣೆ ಹಿಡಿದ ಬಡವನು ಜೈಲಿನಲ್ಲಿ ಕೂತಾಗ ಧಣಿ ತನಗೇನೂ ಗೊತ್ತಿಲ್ಲವೆನ್ನುತ್ತಾನೆ. ಆದರೆ ಹೇಳಿ ಮಾಡಿಸಿದವನೂ ಕಾನೂನಿನ ಕಣ್ಣಿಗೆ ಅಪರಾಧಿಯೇ. ಅದನ್ನು ಸಾಬೀತು ಮಾಡಲು ಸಾಕ್ಷಿ ಬೇಕು. ಜೊತೆಗಾರನ ಹೇಳಿಕೆಯೊಂದನ್ನೇ ನಂಬಲು ನ್ಯಾಯಾಲಯ ಹಿಂಜರಿಯುತ್ತದೆ. ಬೇರೆ ಆಧಾರ ಕೇಳುತ್ತದೆ.

ಹಾಗಾದರೆ ಕಾಗೋಡಿನವರು ಏನು ಮಾಡಿದರು? ೧೯೫೧ರ ಏಪ್ರಿಲಿನಲ್ಲಿ, ಗೇಣಿ ಅಳೆಯುವ ಕೊಳಗದ ಅನ್ಯಾಯವನ್ನು ಪ್ರಶ್ನಿಸಿ ಭೂಮಿ ಕಳೆದುಕೊಂಡ ಗೇಣಿದಾರರು ತಂಡ ತಂಡವಾಗಿ ಹೊಲಕ್ಕಿಳಿದು ದಸ್ತಗಿರಿಯಾದರು. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಆರಗದ ಗೋಪಾಲಗೌಡರು ಜೊತೆ ನಿಂತರು, ಜೂನಿನಲ್ಲಿ ಲೋಹಿಯಾ ಅವರು ಬಂದು ಸಾಗರದಲ್ಲೇ ಬಂಧನಕ್ಕೊಳಗಾದರು. ಕಾನೂನಿನ ಮಾತಿನಲ್ಲಿ ಇವರು “ಜೊತೆಗಾರರು”. ಆದರೆ ಇವರಾರೂ “ನಾನು ಅಲ್ಲಿರಲಿಲ್ಲ” ಎಂದು ನುಣುಚಿಕೊಳ್ಳಲಿಲ್ಲ. ಮಾಡಿದ್ದನ್ನು ಒಪ್ಪಿ ಶಿಕ್ಷೆಗೆ ಸಿದ್ಧರಾಗುವುದೇ ಸತ್ಯಾಗ್ರಹಿಯ ದಾರಿ. ಅವರು ಕೇಳಿದ ಪ್ರಶ್ನೆಗೆ ಶಾಸನದ ಉತ್ತರ ಬರಲು ೧೯೭೪ರ ತನಕ ಕಾಯಬೇಕಾಯಿತು. ಆಗ ಉಳುವವನಿಗೆ ಒಡೆತನ ಸಿಕ್ಕಿತು.

ಇದರಿಂದ ನಾವು ಕಲಿಯಬೇಕಾದ ಶಿಸ್ತು ಒಂದಿದೆ. ನೂರು ಜನರ ಮೆರವಣಿಗೆಯಲ್ಲಿ ಒಬ್ಬ ಕಲ್ಲೆಸೆದರೆ ಉಳಿದ ತೊಂಬತ್ತೊಂಬತ್ತು ಮಂದಿಯೂ ಆರೋಪಪಟ್ಟಿಗೆ ಸೇರಬಹುದು. ಕಲ್ಲೆಸೆಯುವವನು ನಮ್ಮವನೋ ಎದುರಾಳಿ ಕಳಿಸಿದವನೋ ಯಾರು ಬಲ್ಲರು? ಆದುದರಿಂದ ಆ ಕೈಯನ್ನು ನಾವೇ ಮೊದಲು ಹಿಡಿಯಬೇಕು. ಕೇಳದಿದ್ದರೆ ಬಹಿರಂಗವಾಗಿ ದೂರ ಸರಿಯಬೇಕು.

ದಸ್ತಗಿರಿಯಾದರೆ ಕಾರಣ ಕೇಳಿರಿ, ವಕೀಲರನ್ನು ಕೇಳಿರಿ. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ ೨೨ನೆಯ ವಿಧಿ ಹೇಳುತ್ತದೆ. ಹಣವಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವುಂಟು. ಇದು ಭಿಕ್ಷೆಯಲ್ಲ, ಹಕ್ಕು. ಕೂಲಿ ಕೇಳುವಾಗ ಎಷ್ಟು ಗಟ್ಟಿಯಾಗಿ ಕೇಳುತ್ತೇವೋ ಅಷ್ಟೇ ಗಟ್ಟಿಯಾಗಿ ಇದನ್ನೂ ಕೇಳೋಣ.